ನಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ

ಜೂನ್ ೩

ಮುಕ್ತ ಆಫೀಸ್ ತಂತ್ರಾಂಶದ ಕೈಪಿಡಿ ಬರೆದ ಮಹಾಶಯರ ಸಮಿತಿಗೆ,

ಮಾನ್ಯರೇ,

ಸಮಸ್ತ ಲೋಕದ ಗಮನಕ್ಕೆ ತರಬಯಸುವುದೇನೆಂದರೆ, ನಿಮ್ಮ ಕೈಪಿಡಿಯ ನಾಲ್ಕನೇ ಪುಟದಲ್ಲಿ ಹೇಳಿರುವ ಬಟನ್ ಹೇಳಿದ ಜಾಗದಲ್ಲಿ ಇಲ್ಲ. ‘ಬಲಗಡೆ ಕೆಳಗೆ’ ಎಂದು ಬರೆದಿದ್ದೀರಿ. ಬಲಗಡೆ ಕೆಳಗೆ ಗಡಿಯಾರವಿದೆ. ಗಡಿಯಾರವನ್ನು ಒತ್ತಿದರೆ ತಾರೀಖು ಬರುತ್ತದೆ. ನನ್ನ ವಯಸ್ಸಿನವರಿಗೆ ತಾರೀಖು ತೋರಿಸಿ ಹೆದರಿಸುವುದು ಸಭ್ಯರ ಲಕ್ಷಣವಲ್ಲ.

ನಾನು ಟೈಪಿಂಗ್ ಶಾಲೆಯೊಂದರ ಮುಖ್ಯಸ್ಥೆ. ಯಂತ್ರಗಳ ಕಾಲದಲ್ಲಿ ಶುರು ಮಾಡಿದ ಶಾಲೆ. ಈಗ ಕಂಪ್ಯೂಟರುಗಳಿವೆ, ಕುರ್ಚಿಗಳು ಮಾತ್ರ ಹಳೆಯವು. ನಮ್ಮ ಶಾಲೆ ಪರೀಕ್ಷಾ ಕೇಂದ್ರವೂ ಹೌದು, ಅದರಿಂದಲೇ ನಡೆಯುತ್ತಿದೆ. ಈ ವರ್ಷದಿಂದ ಪರೀಕ್ಷೆಯೆಲ್ಲ ನಿಮ್ಮ ಪುಕ್ಕಟೆ ಸಾಫ್ಟ್‌ವೇರಿನಲ್ಲೇ ನಡೆಯಬೇಕೆಂದು ಪರೀಕ್ಷಾ ಮಂಡಳಿ ಅಪ್ಪಣೆ ಕೊಡಿಸಿದೆ. ಆಗಸ್ಟ್ ಕೊನೆಗೆ ತಪಾಸಣೆಯವರು ಒಂದು ಖಾಲಿ ಕಂಪ್ಯೂಟರ್ ಹೊತ್ತು ತರುತ್ತಾರಂತೆ. ಅವರ ಕಣ್ಣೆದುರು ಮುಖ್ಯಸ್ಥೆಯಾದವಳು, ನಿಮ್ಮ ಕೈಪಿಡಿಯೊಂದನ್ನೇ ನೋಡಿಕೊಂಡು, ತನ್ನ ಕೈಯಾರೆ ಇನ್‌ಸ್ಟಾಲ್ ಮಾಡಬೇಕು. ಅದರ ಜೊತೆ ಬಂದ ಡಿಸ್ಕಿನಲ್ಲಿರುವ ಮಾದರಿ ಪತ್ರವನ್ನು ತೆರೆದು ಪ್ರಿಂಟ್ ತೆಗೆಯಬೇಕು. ಕೈಪಿಡಿಯ ಕೊನೆಯಲ್ಲಿ ಅಚ್ಚಾಗಿರುವ ಮಾದರಿಗೂ ನನ್ನ ಪ್ರಿಂಟಿಗೂ ಸಾಲಿಗೆ ಸಾಲು ಹೊಂದಬೇಕು. ಹೊಂದಿದರೆ ಕೇಂದ್ರ ಉಳಿಯುತ್ತದೆ. ಇಲ್ಲದಿದ್ದರೆ ಕೇಂದ್ರ ಹೋಗುತ್ತದೆ, ಕೇಂದ್ರದ ಹಿಂದೆ ಶಾಲೆಯೂ ಹೋಗುತ್ತದೆ.

ನಿನ್ನೆ ಅಭ್ಯಾಸ ಮಾಡಿದೆ. ‘ಸುಮ್ಮನೆ ಮುಂದೆ ಒತ್ತುತ್ತಾ ಹೋಗಿ’ ಎಂದಿದ್ದೀರಿ. ಒತ್ತುತ್ತಾ ಹೋದೆ. ಮಾದರಿ ಪತ್ರ ತೆರೆದುಕೊಂಡಿತು. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಪುಟದ ತುಂಬ ಚೌಕ ಚೌಕ ಡಬ್ಬಿಗಳು, ಸಾಲಾಗಿ, ಖಾಲಿ ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಒಪ್ಪಿದೆ. ಆದರೆ ಹಲ್ಲಿನ ಜಾಗದಲ್ಲಿ ಡಬ್ಬಿಗಳಿದ್ದರೆ ಹೇಳಬೇಕೋ ಬೇಡವೋ?

ಇ-ಮೇಲ್ ಕಳಿಸಬಹುದಿತ್ತು. ಇ-ಮೇಲಿನಲ್ಲಿ ಬೈದರೆ ಬೈದ ಹಾಗಾಗುವುದಿಲ್ಲ, ಅದಕ್ಕೇ ಅಂಚೆ.

ಇನ್ನೊಂದು. ನಮ್ಮ ಮನೆಯ ಮಹಡಿಯಲ್ಲಿ ಅಂಗಡಿ ಬೋರ್ಡು ಬರೆಯುವವನೊಬ್ಬನಿದ್ದಾನೆ. ಅವನು ಗಡ್ಡ ಬಿಟ್ಟಿದ್ದಾನೆ. ಇದಕ್ಕೂ ನಿಮ್ಮ ಸಮಿತಿಗೂ ಏನೇನೂ ಸಂಬಂಧವಿಲ್ಲ. ಪುಟದಲ್ಲಿ ಜಾಗ ಉಳಿದಿತ್ತು, ಬರೆದೆ.

ಇಂತು,
ಮುಖ್ಯಸ್ಥೆ, ಟೈಪಿಂಗ್ ಶಾಲೆ


ಜೂನ್ ೧೪

ಮಾನ್ಯರೇ,

ತಮ್ಮ ಪತ್ರ ತಲುಪಿತು. ಬಟನ್ನಿನ ಜಾಗದ ಬಗ್ಗೆ ತಾವು ಹೇಳಿದ್ದು ಸರಿ. ಹಿಂದಿನ ಆವೃತ್ತಿಯಲ್ಲಿ ಅದು ಬಲಗಡೆ ಕೆಳಗಿತ್ತು. ಬಟನ್ ಸರಿದ ಮೇಲೆ ಕೈಪಿಡಿ ಸರಿಯಲಿಲ್ಲ. ವಿಷಾದಿಸುತ್ತೇವೆ.

ಮಾದರಿ ಪತ್ರವನ್ನು ಇಲ್ಲಿ ಮತ್ತೆ ತೆರೆದು ಪರೀಕ್ಷಿಸಲಾಯಿತು. ನಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ. ತಮ್ಮ ಕಂಪ್ಯೂಟರಿನಲ್ಲಿ ನಮ್ಮ ಲಿಪಿಯ ಫಾಂಟ್ ಒಂದೂ ಇಲ್ಲದಿರಬಹುದು. ಡಿಸ್ಕಿನಲ್ಲಿರುವ ಯಾವುದಾದರೊಂದು ಫಾಂಟನ್ನು ಮೊದಲು ಹಾಕಿ, ಬಳಿಕ ಪತ್ರ ತೆರೆಯುವುದು.

ಬೋರ್ಡು ಬರೆಯುವವರ ಗಡ್ಡದ ವಿಷಯ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಸಮಿತಿಯ ಪರವಾಗಿ


ಜೂನ್ ೧೫

ಅಕ್ಕಾ,

ಕೂತಿದ್ದೀಯಾ? ಕೂತುಕೋ. ಅತ್ತೆಯಿಂದ ಕಾಗದ ಬಂದಿದೆ.

ನನಗಲ್ಲ, ‘ಮಹಾಶಯರ ಸಮಿತಿಗೆ’. ಆ ಸಮಿತಿ ಅಂದರೆ ನಾನು, ಒಂದು ಟೇಬಲ್ಲು, ಆಗಾಗ ಬಂದು ಚಹಾ ಕುಡಿದು ಹೋಗುವ ಇಬ್ಬರು ಅಂತ ಅವರಿಗೇನು ಗೊತ್ತು. ಬೇರೆಬೇರೆ ಊರಿನವರು ಬಿಡುವಿನಲ್ಲಿ ಕೂತು ಕಟ್ಟೋ ಸಾಫ್ಟ್‌ವೇರ್ ಅದು. ಅದರ ಕೈಪಿಡಿ ಮಾತ್ರ ಪೂರ್ತಿ ನಾನೇ ಬರೆದದ್ದು. ಅತ್ತೆ ಬೈತಿರೋದು ನನ್ನನ್ನೇ, ಅದೂ ಗೊತ್ತಿಲ್ಲದೆ! ಎದುರಿಗಿದ್ದಾಗ ಒಂದು ದಿನವೂ ಬೈದವರಲ್ಲ.

ಕಾಗದ ಬಿಚ್ಚುತ್ತಲೇ ಅವರದೇ ಅಂತ ಗೊತ್ತಾಯಿತು. ತಾರೀಖಿನ ಕೆಳಗೆ ಎರಡು ಸಾಲು ಖಾಲಿ, ಅಂಚಿನಲ್ಲಿ ಹೆಬ್ಬೆರಳಗಲ ಜಾಗ. ನಾನು ಟೈಪಿಂಗ್ ಕಲಿತದ್ದು ಅವರ ಹತ್ತಿರವೇ ಅಲ್ಲವಾ. ಕಲಿಯೋಕೆ ಹೋಗಿ ಅವರ ಮಗನನ್ನೇ ಕಟ್ಟಿಕೊಂಡೆ ಅಂತ ನೀನು ಆಡಿಕೊಳ್ಳುತ್ತಿದ್ದೆ.

ಆ ಮನೆ ಬಿಟ್ಟು ಬಂದ ಮೇಲೆ ಅಲ್ಲಿಂದ ಬಂದ ಮೊದಲ ಸುದ್ದಿ ಇದು. ಶಾಲೆ ಮುಚ್ಚಿ ಹೋಗಬಹುದಂತೆ. ಅವರ ಮಗ, ಅದೇ ಆ ಬೋರ್ಡು ಬರೆಯುವವರು, ಗಡ್ಡ ಬಿಟ್ಟಿದ್ದಾರಂತೆ.

ನಾನು ‘ಸಮಿತಿಯ ಪರವಾಗಿ’ ಅಂತ ಸಹಿ ಹಾಕಿ ಕಳಿಸಿದೆ. ತಪ್ಪು ಮಾಡಿದೆನಾ? ಹೆಸರು ಹಾಕಿದ್ದರೆ ಅವರು ಕಾಗದ ಬರೆಯೋದನ್ನೇ ನಿಲ್ಲಿಸಿಬಿಟ್ಟರೆ? ಆಮೇಲೆ ಶಾಲೆಯ ಗತಿ? ನೋಡು, ಶಾಲೆಗೋಸ್ಕರ ಹೇಳುತ್ತಿದ್ದೇನೆ.

ನಿನ್ನ ತಂಗಿ


ಜುಲೈ ೧

ಮಾನ್ಯ ಸಮಿತಿಯವರೇ,

ನಿಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ ಎಂದು ತಿಳಿದು ಬಹಳ ಸಂತೋಷವಾಯಿತು. ಹಾಗಿದ್ದರೆ ತಪಾಸಣೆಯನ್ನೂ ನಿಮ್ಮಲ್ಲಿಯೇ ಇಟ್ಟುಕೊಳ್ಳೋಣವೇ? ನಾನು ಕುರ್ಚಿ ತರುತ್ತೇನೆ.

ನೀವು ಹೇಳಿದಂತೆ ಫಾಂಟ್ ಹಾಕಿದೆ. ಡಬ್ಬಿಗಳು ಹೋಗಿ ಅಕ್ಷರಗಳು ಬಂದವು. ಆದರೆ ಆ ಅಕ್ಷರಗಳು ಮೈ ತುಂಬಿಕೊಂಡ ಅಕ್ಷರಗಳು. ಸಾಲಿನಲ್ಲಿ ಹಿಡಿಸದೆ ಒಂದರ ಮೇಲೊಂದು ಬಿದ್ದು, ಕೊನೆಗೆ ‘ತಮ್ಮ ವಿಶ್ವಾಸಿ’ ಎಂಬುದು ಪುಟದಿಂದ ಜಾರಿ ಎರಡನೇ ಹಾಳೆಗೆ ಹೋಗಿ ಒಂಟಿಯಾಗಿ ಕೂತಿತು. ಪತ್ರವೊಂದು ಕಡೆ, ವಿಶ್ವಾಸ ಇನ್ನೊಂದು ಕಡೆ. ತಪಾಸಣೆಯವರು ಎರಡೂ ಹಾಳೆಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವವರು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ. ಪಕ್ಕದ ಪಟ್ಟಣದ ಶಾಲೆಯಲ್ಲಿ ಒಂದೇ ಸಾಲು ಜರುಗಿದ್ದಕ್ಕೆ ಕೇಂದ್ರ ಕಿತ್ತುಕೊಂಡರಂತೆ.

ತಪ್ಪು ನನ್ನದೇ ಇರಬಹುದೆಂದು ನಮ್ಮ ವಿದ್ಯಾರ್ಥಿನಿ ನರ್ಸಮ್ಮನನ್ನು ಕೂರಿಸಿದೆ. ನಿವೃತ್ತರಾದ ಮೇಲೆ ಟೈಪಿಂಗ್ ಕಲಿಯುತ್ತಿದ್ದಾರೆ, ಕೈ ನಡುಗುವುದಿಲ್ಲ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೈಪಿಡಿಯನ್ನು ಓದುವುದು, ಅವರು ಓದಿದಷ್ಟನ್ನೇ ಮಾಡುವುದು ಎಂದು ಮಾತಾಯಿತು.

“ಸುಮ್ಮನೆ ಮುಂದೆ ಒತ್ತುತ್ತಾ ಹೋಗಿ,” ಎಂದು ಓದಿದೆ.

“ಎಲ್ಲೀತನಕ ಹೋಗೋದು?” ಎಂದರು.

“ಅದನ್ನ ಹೇಳಿಲ್ಲ.”

“ಇದೇನ್ರೀ ಇದು, ಇಂಜೆಕ್ಷನ್ ಚೀಟೀಲಿ ‘ಸುಮ್ಮನೆ ಚುಚ್ಚುತ್ತಾ ಹೋಗಿ’ ಅಂತ ಬರೆದಿದ್ರೆ ನಾನು ಎಷ್ಟು ಜನರನ್ನ ಮೇಲಕ್ಕೆ ಕಳಿಸಿರ್ತಿದ್ದೆ!”

ಮಾನ್ಯರೇ, ‘ಸುಮ್ಮನೆ’ ಎಂಬ ಪದವನ್ನು ಬರೆಯುವವರು ಎಲ್ಲ ಗೊತ್ತಿದ್ದವರು. ಓದುವವರಿಗೆ ಯಾವುದೂ ಸುಮ್ಮನೆ ಆಗುವುದಿಲ್ಲ. ಒಂದು ಸಲ ನಿಮ್ಮದಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಪತ್ರವನ್ನು ತೆರೆದು ನೋಡಿ. ನಮ್ಮ ಮನೆ ನಮಗೆ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ಬೋರ್ಡು ಬರೆಯುವವನ ಕಂಪ್ಯೂಟರ್ ಸುಟ್ಟುಹೋಯಿತು. ಒಂದು ಕಾಲಕ್ಕೆ ಅವನೇ ಕೂತು ಒಂದೊಂದಾಗಿ ಬರೆದಿದ್ದ ಅಕ್ಷರಗಳೆಲ್ಲ ಅದರಲ್ಲಿದ್ದವು. “ಹೋದವಲ್ಲೋ,” ಎಂದೆ. “ಹೋಗ್ಲಿ ಬಿಡಮ್ಮಾ, ಯಾರಿಗೆ ಬೇಕಿತ್ತು,” ಎಂದ. ಆಮೇಲೆ ಎರಡು ದಿನ ಒಂದೇ ಬೋರ್ಡನ್ನು ಬರೆದು ಒರೆಸಿ, ಬರೆದು ಒರೆಸಿ ಮಾಡಿದ. ಇದೂ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ, ನನಗೆ ಗೊತ್ತು.

ಇಂತು,
ಮುಖ್ಯಸ್ಥೆ


ಜುಲೈ ೧೨

ಮಾನ್ಯರೇ,

ತಾವು ಹೇಳಿದಂತೆ ಸಮಿತಿಯು ತನ್ನದಲ್ಲದ ಕಂಪ್ಯೂಟರಿನಲ್ಲಿ, ಅಂದರೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಮಾದರಿ ಪತ್ರವನ್ನು ತೆರೆಯಿತು. ‘ತಮ್ಮ ವಿಶ್ವಾಸಿ’ ಎರಡನೇ ಹಾಳೆಗೆ ಹೋಯಿತು. ತಾವು ಹೇಳಿದ್ದು ನಿಜ.

ಕಾರಣ ಸಿಕ್ಕಿದೆ. ಮಾದರಿ ಪತ್ರವನ್ನು ತಯಾರಿಸಿದ ಸದಸ್ಯರ ಕಂಪ್ಯೂಟರಿನಲ್ಲಿ ಒಂದು ಫಾಂಟ್ ಇದೆ. ಅಲ್ಲಿ ಹೊಸ ಪುಟ ತೆರೆದರೆ ಆ ಅಕ್ಷರವೇ ಬರುತ್ತದೆ. ಬಹಳ ದಿನದಿಂದ ಹಾಗೇ ಇರುವುದರಿಂದ ಸದಸ್ಯರ ಗಮನಕ್ಕೆ ಬಂದಿರಲಿಲ್ಲ. ಆ ಫಾಂಟ್ ಡಿಸ್ಕಿನಲ್ಲಿಲ್ಲ. ಬೇರೆ ಎಲ್ಲಿಯೂ ಇಲ್ಲ. ಪತ್ರ ಕೇಳುವುದು ಅದನ್ನೇ. ಸಿಗದಿದ್ದಾಗ ನಮ್ಮ ಸಾಫ್ಟ್‌ವೇರ್ ಯಾರಿಗೂ ಹೇಳದೆ ಇನ್ನೊಂದನ್ನು ತಂದು ಕೂರಿಸುತ್ತದೆ. ಅದೂ ಇಲ್ಲದಿದ್ದರೆ ಡಬ್ಬಿ.

ಇದನ್ನು ಸರಿಪಡಿಸಲು ಹೊರಟಿದ್ದೇವೆ. ಯಾವ ಫಾಂಟ್ ಸಿಗಲಿಲ್ಲ, ಅದರ ಬದಲು ಯಾವುದನ್ನು ಹಾಕಲಾಗಿದೆ ಎಂದು ಇನ್ನು ಮುಂದೆ ಸಾಫ್ಟ್‌ವೇರೇ ಬಾಯಿಬಿಟ್ಟು ಹೇಳುತ್ತದೆ. ಬೇಕೆಂದರೆ ಫಾಂಟನ್ನು ಪತ್ರದೊಳಗೇ ಕಟ್ಟಿ ಕಳಿಸುವುದು ಹೇಗೆಂದು ಕೈಪಿಡಿಯಲ್ಲೂ ಬರೆಯುತ್ತೇವೆ. ಆದರೆ ಹೊಸ ಆವೃತ್ತಿ ಬರುವುದು ಅಕ್ಟೋಬರಿನಲ್ಲಿ. ತಮ್ಮ ತಪಾಸಣೆ ಆಗಸ್ಟಿನಲ್ಲಿ. ಈ ನಡುವೆ ಏನು ಮಾಡಬಹುದೆಂದು ಸಮಿತಿ ಯೋಚಿಸುತ್ತಿದೆ.

ಕಂಪ್ಯೂಟರ್ ಸುಟ್ಟುಹೋದ ವಿಷಯ ತಿಳಿದು ಸಮಿತಿಗೆ ಬೇಸರವಾಯಿತು.

ಸಮಿತಿಯ ಪರವಾಗಿ


ಜುಲೈ ೧೩

ಅಕ್ಕಾ,

ಆ ಫಾಂಟ್ ಅವರದು.

ಮದುವೆಯಾದ ಹೊಸದರಲ್ಲಿ ಬೋರ್ಡು ಬರೆಯೋ ಕುಂಚದಲ್ಲೇ ಒಂದೊಂದು ಅಕ್ಷರ ಬರೆದು, ಕಂಪ್ಯೂಟರಿಗೆ ಹಾಕಿ, ಫಾಂಟ್ ಮಾಡಿ ಕೊಟ್ಟಿದ್ದರು. ಅದಕ್ಕೆ ಹೆಸರು ‘ಸಿಡುಕಿ’. ನನ್ನನ್ನ ಕರೀತಿದ್ದುದೇ ಹಾಗೆ. ನಾನು ಅದಕ್ಕೂ ಸಿಡುಕಿದೆ. ಮತ್ಯಾರಿಗೂ ಕೊಟ್ಟಿರಲಿಲ್ಲ. ಆ ಮನೆಯಿಂದ ಬರುವಾಗ ಕಪಾಟು ಬಿಟ್ಟು ಬಂದೆ, ಪಾತ್ರೆ ಬಿಟ್ಟು ಬಂದೆ, ಏನೂ ತಂದಿಲ್ಲ ಅಂತ ಹೆಮ್ಮೆಪಡುತ್ತಿದ್ದೆ. ಈ ಕಂಪ್ಯೂಟರ್ ತಂದಿದ್ದೆನಲ್ಲ, ಅದರೊಳಗೆ ಅದು ಕೂತಿತ್ತು. ಇಷ್ಟು ದಿನ ನಾನು ಬರೆದ ಕೈಪಿಡಿ, ವರದಿ, ಬಾಡಿಗೆ ಕರಾರು, ಎಲ್ಲ ಅವರ ಅಕ್ಷರದಲ್ಲೇ ಬರೆದಿದ್ದೇನೆ. ಕಣ್ಣಿಗೆ ಕಾಣಲೇ ಇಲ್ಲ. ದಿನಾ ನೋಡೋದು ಯಾರಿಗೆ ಕಾಣುತ್ತೆ.

ಅವರ ಪ್ರತಿ ಸುಟ್ಟುಹೋಗಿದೆ. ಈಗ ಲೋಕದಲ್ಲಿ ಉಳಿದಿರೋದು ನನ್ನ ಹತ್ತಿರ ಇರೋದು ಒಂದೇ.

ಅದನ್ನ ಒಂದು ಡಿಸ್ಕಿಗೆ ಹಾಕಿ ಅತ್ತೆಗೆ ಕಳಿಸಿದರೆ ಶಾಲೆ ಉಳಿಯುತ್ತೆ. ಆದರೆ ಬರೆದವರ ಒಪ್ಪಿಗೆ ಇಲ್ಲದ ಫಾಂಟನ್ನ ಹಂಚೋ ಹಾಗಿಲ್ಲ. ಆ ನಿಯಮ ಬರೆದವಳೂ ನಾನೇ, ದಪ್ಪ ಅಕ್ಷರದಲ್ಲಿ. ಒಪ್ಪಿಗೆ ಅಂದರೆ ಕೇಳಬೇಕು. ಕೇಳೋದು ಅಂದರೆ ಮಾತಾಡಬೇಕು. ನಮ್ಮಿಬ್ಬರಿಗೂ ಬಾರದ ವಿದ್ಯೆ ಅದೊಂದೇ. ಅವತ್ತು ಮೆಟ್ಟಿಲ ಮೇಲೆ ನಿಂತು “ಹೊರಟೆಯಾ?” ಅಂದರು, “ಹೂಂ” ಅಂದೆ. ಅಷ್ಟೇ ಆಗಿದ್ದು. ನೀನು ಎಷ್ಟು ಸಲ ಕೇಳಿದರೂ ಅದಕ್ಕಿಂತ ಹೆಚ್ಚು ಏನೂ ಇಲ್ಲ. ಜಗಳ ಆಡಿದ್ದರೆ ಎಷ್ಟೋ ವಾಸಿ.

ಏನು ಮಾಡಲಿ?

ತಂಗಿ


ಜುಲೈ ೧೮

ತಂಗೀ,

ಇಡೀ ಲೋಕಕ್ಕೆ ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಡ್ತೀಯ. ನಿನಗೆ ನಾನು ಹೇಳಬೇಕಾ? ಅವರನ್ನೇ ಕೇಳು.

ಅಕ್ಕ


ಜುಲೈ ೨೮

ಮಾನ್ಯ ಸಮಿತಿಯವರೇ,

ತುರ್ತು. ಎರಡು ಕನ್ನಡಕದವರು ಆಗಸ್ಟ್ ಕೊನೆಗೆ ಬರುವುದಿಲ್ಲವಂತೆ. ಹನ್ನೊಂದಕ್ಕೇ ಬರುತ್ತಾರಂತೆ. ನೋಟಿಸು ಬಂದ ಕೂಡಲೇ ಫೋನ್ ಮಾಡಿದೆ.

“ಸಾರ್, ಕೈಪಿಡಿ ಸಮಿತಿಯವರೇ ತಪ್ಪಿದೆ ಅಂತ ಒಪ್ಪಿಕೊಂಡಿದ್ದಾರೆ, ಅಕ್ಟೋಬರಿನವರೆಗೆ ಸಮಯ ಕೊಡಿ,” ಎಂದೆ.

“ಅಮ್ಮಾವ್ರೇ, ಪರೀಕ್ಷೆ ಬರೆಯೋ ಮಕ್ಕಳು ಸಮಯ ಕೇಳಿದ್ರೆ ನೀವು ಕೊಡ್ತೀರಾ?”

“ಕೊಡಲ್ಲ.”

“ಮತ್ತೆ?”

ಮೂವತ್ತು ವರ್ಷದಿಂದ ನಾನು ಹೇಳುತ್ತಾ ಬಂದ ಮಾತನ್ನು ನನಗೇ ತಿರುಗಿಸಿ ಹೇಳಿದರು. ಆದರೂ ಒಂದಿಷ್ಟು ಬಗ್ಗಿದರು. ಸಮಿತಿಯ ಮುದ್ರೆಯಿದ್ದರೆ ತಿದ್ದುಪಡಿ ಪುಟವೊಂದು ನಡೆಯುತ್ತದಂತೆ, ಬೇಕಾದ ಫಾಂಟನ್ನೂ ತರಬಹುದಂತೆ. ಆದರೆ ಫಾಂಟ್ ಬರೆದವರ ಒಪ್ಪಿಗೆ ಪತ್ರ ಜೊತೆಗಿರಬೇಕು. “ಕದ್ದ ಅಕ್ಷರದಲ್ಲಿ ಪರೀಕ್ಷೆ ನಡೆಸಿದ್ರೆ ಕೇಂದ್ರ ಅಷ್ಟೇ ಅಲ್ಲ, ನಿಮ್ಮ ಬೋರ್ಡೂ ಇಳಿಸಬೇಕಾಗುತ್ತೆ,” ಎಂದರು.

ಆದ್ದರಿಂದ ನೇರವಾಗಿ ಕೇಳುತ್ತಿದ್ದೇನೆ. ನಿಮ್ಮ ಸದಸ್ಯರ ಕಂಪ್ಯೂಟರಿನಲ್ಲಿರುವ ಆ ಫಾಂಟನ್ನು ಬರೆದವರು ಯಾರು? ಗುರುತಿನವರೇ ಆಗಿದ್ದರೆ ಒಂದು ಮಾತು ಕೇಳಲು ಕಷ್ಟವೇನು? ಕಷ್ಟವಿದ್ದರೆ ಅದೂ ಇರಲಿ. ಕಷ್ಟವಿದೆ ಎಂದಾದರೂ ಬರೆಯಿರಿ. ಸುಮ್ಮನಿರಬೇಡಿ. ನಮ್ಮ ಮನೆಯಲ್ಲಿ ಸುಮ್ಮನಿರುವವರು ಸಾಕಷ್ಟಿದ್ದಾರೆ.

ತರಗತಿ ನಡೆಯುತ್ತಿದೆ. ನರ್ಸಮ್ಮನಿಗೆ ಏನೂ ಹೇಳಿಲ್ಲ. ಅವರು ಪರೀಕ್ಷೆಗೆಂದು ಹೊಸ ಕನ್ನಡಕ ಮಾಡಿಸಿಕೊಂಡು ಬಂದಿದ್ದಾರೆ.

ಇಂತು,
ಮುಖ್ಯಸ್ಥೆ


ಆಗಸ್ಟ್ ೧

ಅತ್ತೆ,

ಸಮಿತಿ ಅಂದರೆ ನಾನು. ಕೈಪಿಡಿ ಬರೆದವಳು ನಾನು, ‘ಸುಮ್ಮನೆ’ ಅಂತ ಬರೆದವಳು ನಾನು, ಆ ಸದಸ್ಯರೂ ನಾನೇ. ನಿಮ್ಮ ಮೊದಲನೇ ಕಾಗದದಲ್ಲೇ ಗೊತ್ತಾಗಿತ್ತು. ಹೇಳಲಿಲ್ಲ. ಬೈಯಿರಿ.

ಫಾಂಟ್ ಅವರದು. ಸುಟ್ಟುಹೋಯಿತು ಅಂತ ಬರೆದಿದ್ದಿರಲ್ಲ, ಅದು ಹೋಗಿಲ್ಲ. ಇಲ್ಲಿದೆ.

ಈ ಕಾಗದದ ಜೊತೆ ಮೂರು ವಸ್ತು ಇಟ್ಟಿದ್ದೇನೆ. ಒಂದು, ಮುದ್ರೆ ಹಾಕಿದ ತಿದ್ದುಪಡಿ ಪುಟ. ನಮ್ಮ ಓಣಿಯ ದರ್ಜಿಯನ್ನು ಕೂರಿಸಿ, ನೀವು ಮಾಡಿದ ಹಾಗೇ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓದಿ, ಅವರು ಎಲ್ಲೆಲ್ಲಿ ನಿಂತರೋ ಅಲ್ಲೆಲ್ಲ ತಿದ್ದಿ ಬರೆದಿದ್ದೇನೆ. ಬಹಳ ಕಡೆ ನಿಂತರು. ಎರಡು, ಫಾಂಟ್ ಇರುವ ಡಿಸ್ಕು, ಅಂಟಿಸಿದ ಲಕೋಟೆಯಲ್ಲಿ. ಮೂರು, ಖಾಲಿ ಹಾಳೆ. ಒಪ್ಪಿಗೆ ಕೊಡುವುದಾದರೆ ಅವರು ಅದರಲ್ಲಿ ಬರೆಯಲಿ. ಏನು ಬರೆಯಬೇಕು ಅಂತ ನಾನು ಟೈಪ್ ಮಾಡಿ ಕೊಟ್ಟಿಲ್ಲ.

ಅವರು ಬರೆಯದಿದ್ದರೆ ಲಕೋಟೆ ತೆರೆಯಬೇಡಿ, ಅತ್ತೆ. ಶಾಲೆ ಹೋಗುತ್ತೆ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ. ‘ಅಮ್ಮನಿಗೋಸ್ಕರ ಮಾಡೋ’ ಅಂತ ಹಿಂಡಲೂಬೇಡಿ. ನಾನು ಕೇಳುತ್ತಿದ್ದೇನೆ ಅಂತ ಮಾತ್ರ ಹೇಳಿ. ನಾನೇ ಕೇಳುತ್ತಿದ್ದೇನೆ ಅಂತ.

ನಿಮ್ಮ ಸೊಸೆ
(ಹಾಗೆ ಸಹಿ ಹಾಕಬಹುದೋ ಇಲ್ಲವೋ ಗೊತ್ತಿಲ್ಲ. ಹಾಕಿದ್ದೇನೆ.)


ಆಗಸ್ಟ್ ೫

ಕೈಪಿಡಿ ಸಮಿತಿಗೆ,

‘ಸಿಡುಕಿ’ ಎಂಬ ಅಕ್ಷರಗಳನ್ನು ಬರೆದವನು ನಾನು. ಇದನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ಹೆಸರು ಮಾತ್ರ ಬದಲಿಸಬಾರದು.

ಈ ಒಪ್ಪಿಗೆಯ ಇನ್ನೊಂದು ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟಿದ್ದೇನೆ.

ಬರೆದವನು

ಕೆಲವು ಒತ್ತಕ್ಷರಗಳು ಇದರಲ್ಲಿ ಇಲ್ಲ. ಬರೆಯುವಷ್ಟರಲ್ಲಿ ನೀನು ಹೊರಟೆ.


ಆಗಸ್ಟ್ ೧೨

ಮಗು,

ಮೊದಲು ನಿನ್ನೆಯ ವರದಿ, ಬೈಗುಳ ಆಮೇಲೆ.

ಎರಡು ಕನ್ನಡಕದವರು ಖಾಲಿ ಕಂಪ್ಯೂಟರ್ ಹೊತ್ತು ಹೇಳಿದ ಹೊತ್ತಿಗೇ ಬಂದರು. ವಿದ್ಯಾರ್ಥಿಗಳೆಲ್ಲ ಗೋಡೆಗೆ ಒರಗಿ ನಿಂತರು. ಬೋರ್ಡು ಬರೆಯುವವನು ಬಾಗಿಲಾಚೆ ಏಣಿ ಹಾಕಿ ನಮ್ಮ ಶಾಲೆಯ ಬೋರ್ಡಿಗೆ ಬಣ್ಣ ಹಚ್ಚಲು ಶುರುಮಾಡಿದ. ಅದಕ್ಕೆ ಬಣ್ಣ ಬೇಕಿರಲಿಲ್ಲ. ಕುಂಚವೂ ಒಣಗಿತ್ತು, ನಾನು ನೋಡಿದೆ.

ನಿನ್ನ ತಿದ್ದುಪಡಿ ಪುಟವನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಜ್ಜೆ ಮಾಡಿದೆ. ಬಟನ್ ನೀನು ಹೇಳಿದ ಕಡೆಯೇ ಇತ್ತು. ‘ಇಲ್ಲಿ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಗಾಬರಿಯಾಗಬೇಡಿ’ ಎಂದು ಬರೆದಿದ್ದೀಯಲ್ಲ, ಅಲ್ಲಿ ನಿಜಕ್ಕೂ ಏನೂ ಆಗಲಿಲ್ಲ, ನಾನೂ ಗಾಬರಿಯಾಗಲಿಲ್ಲ. ದರ್ಜಿಗೆ ನನ್ನ ನಮಸ್ಕಾರ ಹೇಳು. ಒಪ್ಪಿಗೆ ಪತ್ರವನ್ನು ಅವರ ಮುಂದಿಟ್ಟೆ. ಫಾಂಟ್ ಹಾಕಿದೆ. ಮಾದರಿ ಪತ್ರ ತೆರೆದೆ. ಪ್ರಿಂಟ್ ತೆಗೆದೆ. ಅವರು ಎರಡು ಹಾಳೆ ಜೋಡಿಸಿ ಕಿಟಕಿಗೆ ಹಿಡಿದರು. ಹಣೆಯ ಕನ್ನಡಕ ಮೂಗಿಗೆ ಬಂತು, ಮೂಗಿನದು ಹಣೆಗೆ ಹೋಯಿತು. ಸಾಲಿಗೆ ಸಾಲು ಹೊಂದಿತ್ತು. ‘ತಮ್ಮ ವಿಶ್ವಾಸಿ’ ತನ್ನ ಜಾಗದಲ್ಲೇ ಕೂತಿತ್ತು.

ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

“ನಾನೊಂದು ಪದ ಸೇರಿಸ್ತೀನಿ,” ಎಂದು ಪತ್ರದ ಕೊನೆಯ ಸಾಲಿನಲ್ಲಿ ತಾವೇ ಟೈಪ್ ಮಾಡಿದರು. ಎರಡೇ ಬೆರಳಿನಲ್ಲಿ, ನೋಡಲಾಗಲಿಲ್ಲ. ‘ಸ್ವಾತಂತ್ರ್ಯ’ ಎಂದು. ಆ ಕೊನೆಯ ಒತ್ತುಗಳು ಅಕ್ಷರದ ಕೆಳಗೆ ಇಳಿಯಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಪಕ್ಕದಲ್ಲೇ ನಿಂತುಬಿಟ್ಟವು.

“ಇದೇನಿದು?” ಎಂದರು.

ಹೊರಗೆ ಏಣಿ ಕಿರುಗುಟ್ಟಿತು. ನಿನ್ನ ಪುಟದ ಕೊನೆಗೆ ಬೆರಳಿಟ್ಟೆ, ಮಗು.

“ಸಾರ್, ಪುಟ ಓದಬಹುದಾ?” ಎಂದೆ.

“ಕೈಪಿಡಿ ತಾನೇ, ಓದಿ.”

ಓದಿದೆ. ಕೊನೆಯ ಹೆಜ್ಜೆ. ‘ಒಂದು ಪದ ಸರಿಯಾಗಿ ಮೂಡದಿದ್ದರೆ ಇಡೀ ಪತ್ರದ ಫಾಂಟ್ ಬದಲಿಸಬೇಡಿ. ಆ ಪದವೊಂದನ್ನೇ ಗುರುತು ಮಾಡಿ ಬೇರೆ ಫಾಂಟ್ ಕೊಡಿ. ಉಳಿದದ್ದೆಲ್ಲ ಇದ್ದಂತೆಯೇ ಇರಲಿ.’ ಹಾಗೇ ಮಾಡಿದೆ. ಪದ ಸರಿಹೋಯಿತು. ಸಾಲು ಜರುಗಲಿಲ್ಲ.

ಅವರು ನಿನ್ನ ಪುಟವನ್ನು ಎತ್ತಿಕೊಂಡು ಎರಡೂ ಕನ್ನಡಕದಲ್ಲಿ ಓದಿದರು. “ಇದನ್ನ ಬರೆದವರಿಗೆ ಯಾರೋ ಚೆನ್ನಾಗಿ ಬೈದಿದ್ದಾರೆ,” ಎಂದರು. “ನಾನೇ ಸಾರ್,” ಎಂದೆ. ಸಹಿ ಹಾಕಿ, ಕಂಪ್ಯೂಟರ್ ಹೊತ್ತು ಹೊರಟರು. ಕೇಂದ್ರ ಉಳಿಯಿತು. ನರ್ಸಮ್ಮ ನನ್ನ ನಾಡಿ ಹಿಡಿದು ನೋಡಿ, “ಒಂದು ಲೋಟ ನೀರು ಕುಡೀರಿ, ಕೂತ್ಕೊಳ್ಳಿ, ಮಾತಾಡ್ಬೇಡಿ,” ಎಂದು ಅಪ್ಪಣೆ ಮಾಡಿದರು. ಮೂರರಲ್ಲಿ ಎರಡು ಪಾಲಿಸಿದೆ.

ಈಗ ಬೈಗುಳ.

ನೀನು ಹೆಸರು ಹೇಳುವ ತನಕ ನನಗೆ ಗೊತ್ತಿರಲಿಲ್ಲ ಎಂದುಕೊಂಡೆಯಾ? ನಿನ್ನ ಸಾಫ್ಟ್‌ವೇರಿನಲ್ಲಿ ಮೇಲ್ಗಡೆ ಒಂದು ಪುಟ್ಟ ಚೌಕವಿದೆಯಲ್ಲ, ಪತ್ರ ಯಾವ ಫಾಂಟಿನಲ್ಲಿದೆ ಎಂದು ತೋರಿಸುವುದು. ಫಾಂಟ್ ಇರಲಿ ಬಿಡಲಿ, ಅದರ ಹೆಸರು ಅಲ್ಲಿ ಬಂದೇ ಬರುತ್ತದೆ. ಬರೆದವಳಿಗೆ ಗೊತ್ತಿರುವುದು ಓದುವವಳಿಗೆ ಕಾಣುವುದಿಲ್ಲ ಎಂದು ಯಾಕೆ ಅಂದುಕೊಳ್ಳುತ್ತೀರಿ ನೀವೆಲ್ಲ? ಜೂನ್ ಎರಡನೇ ತಾರೀಖು, ಪುಟದ ತುಂಬ ಡಬ್ಬಿಗಳು, ಮೇಲೆ ಆ ಚೌಕದಲ್ಲಿ ಇಂಗ್ಲಿಷಿನಲ್ಲಿ ಓರೆಯಾಗಿ ‘ಸಿಡುಕಿ’ ಎಂದು. ಈ ಲೋಕದಲ್ಲಿ ಆ ಹೆಸರಿನವಳು ಒಬ್ಬಳೇ. ಇನ್ನೂ ಅದನ್ನು ಇಟ್ಟುಕೊಂಡಿದ್ದಾಳೆ ಎಂದು ಆವತ್ತೇ ಗೊತ್ತಾಯಿತು. ಇಲ್ಲದಿದ್ದರೆ ಯಾವ ಹುಚ್ಚಿ ಕಣೇ ಒಂದು ಕೈಪಿಡಿ ಸಮಿತಿಗೆ ಗಡ್ಡದ ಸುದ್ದಿ ಬರೆಯುತ್ತಾಳೆ?

ಅವನಿಗೆ ನಾನು ಹೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ಅವತ್ತು ನೀನು ಮೆಟ್ಟಿಲಿಳಿದು ಹೋಗುವಾಗ ನಾನು ಅಡುಗೆಮನೆಯಲ್ಲಿದ್ದೆ, ನಲ್ಲಿ ಬಿಟ್ಟುಕೊಂಡು ಖಾಲಿ ಕೈ ತೊಳೆಯುತ್ತಿದ್ದೆ. ಆಗಲೂ ಏನೂ ಕೇಳಲಿಲ್ಲ. ಕೇಳದಿರುವುದೇ ದೊಡ್ಡತನ ಎಂದು ತಿಳಿದಿದ್ದೆ.

ನಿನ್ನ ಖಾಲಿ ಹಾಳೆಯನ್ನು ಅವನ ಮುಂದಿಟ್ಟು ನೀನು ಹೇಳಿದಷ್ಟನ್ನೇ ಹೇಳಿದೆ. “ಅವಳೇ ಕೇಳ್ತಿದ್ದಾಳೆ.” ಹಿಂಡಲಿಲ್ಲ. ಎರಡು ದಿನ ಹಾಳೆ ಖಾಲಿಯೇ ಇತ್ತು. ಆ ಎರಡು ದಿನ ನಾನು ಅನ್ನ ಉಂಡೆನೋ ಬಣ್ಣ ಉಂಡೆನೋ ಗೊತ್ತಿಲ್ಲ. ಕೊನೆಗೆ ಬಂದು, “ಅಮ್ಮಾ, ಅದು ಅವಳ ಹತ್ರ ಇನ್ನೂ ಇದೆಯಾ?” ಎಂದ. “ಇದೆಯಂತೆ ಕಣೋ.” “ಎಲ್ಲಾ ಅಕ್ಷರಾನೂ?” “ನೀನು ಬರೆದಷ್ಟು.” ಕೂತು ಬರೆದ.

ನಿನ್ನೆ ತಪಾಸಣೆಯವರು ಹೋದ ಮೇಲೆ ಏಣಿಯಿಂದ ಇಳಿದು ಬಂದು, “ಕೆಟ್ಟಿದ್ದು ಯಾವ ಒತ್ತು?” ಎಂದು ಕೇಳಿದ. ತೋರಿಸಿದೆ. ಇವತ್ತು ಬೆಳಗ್ಗೆಯಿಂದ ನಮ್ಮ ತರಗತಿಯ ಮೂಲೆಯ ಕಂಪ್ಯೂಟರ್ ಹಿಡಿದು ಕೂತಿದ್ದಾನೆ. ಗಡ್ಡ ಇನ್ನೂ ಇದೆ. ಸಮಿತಿ ಆಸೆ ಇಟ್ಟುಕೊಳ್ಳಬೇಕಿಲ್ಲ. ಬಿಟ್ಟಿದ್ದ ಒತ್ತಕ್ಷರಗಳಲ್ಲಿ ಒಂದಷ್ಟು ಬರೆದು ಮುಗಿಸಿದ. “ಸರಿಯಾಗಿ ಕಾಣ್ತಿದೆಯೇನಮ್ಮಾ?” ಎಂದ. “ನಿನ್ನಲ್ಲಿ ಸರಿಯಾಗೇ ಕಾಣುತ್ತೆ, ಅದರಲ್ಲೇನಿದೆ,” ಎಂದೆ. ಒಬ್ಬಳಿಂದ ಕಲಿತದ್ದು.

ನೀನು ಬಾ ಎಂದು ಬರೆಯುವುದಿಲ್ಲ. ಅವನು ಬರೆಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ‘ಸೊಸೆ’ ಎಂದು ಸಹಿ ಹಾಕಬಹುದೇ ಎಂದು ನೀನು ಕೇಳಿದ್ದೆಯಲ್ಲ. ಮೂವತ್ತು ವರ್ಷ ಟೈಪಿಂಗ್ ಹೇಳಿಕೊಟ್ಟವಳು ಹೇಳುತ್ತಿದ್ದೇನೆ, ತಪ್ಪಿಲ್ಲ, ಹಾಗೇ ಇರಲಿ.

ಒಂದು ಸಣ್ಣ ಉಪಕಾರ ಆಗಬೇಕಿತ್ತು. ಅವನು ಬರೆದ ಒತ್ತಕ್ಷರಗಳನ್ನು ಇದರ ಜೊತೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ನಿನ್ನ ಕಂಪ್ಯೂಟರಿನಲ್ಲಿ ಬೇಡ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು ನೋಡು. ಹೇಗೆ ಕಂಡಿತೆಂದು ಒಂದು ಸಾಲು ಬರೆ. ನನಗಲ್ಲ, ಅವನಿಗೆ.

ನಿನ್ನ ಅತ್ತೆ